15 ಸಾವಿರ ಡಾಲರ್‌ನ ದೆವ್ವ: ಕಡಿಮೆ ಬಜೆಟ್ ಹಾರರ್‌ನ ಪೂರ್ತಿ ಲೆಕ್ಕ

ಸಣ್ಣ ಹಾರರ್ ಸಿನಿಮಾ ಒಂದು ಗೆದ್ದ ಕೂಡಲೇ ಒಂದೇ ತರಹದ ಸುದ್ದಿ ಬರುತ್ತದೆ. ಇಷ್ಟು ಸಾವಿರದಲ್ಲಿ ತೆಗೆದರು, ಇಷ್ಟು ಕೋಟಿ ಬಾಚಿದರು. ಓದಿದವರಿಗೆ ಖುಷಿ, ಕೈಯಲ್ಲೊಂದು ಕ್ಯಾಮೆರಾ ಇರುವವರಿಗೆ ಆಸೆ. ನಾನು ಈ ಸಿನಿಮಾಗಳ ಕಟ್ಟಾ ಅಭಿಮಾನಿ. ಗ್ರಾಫಿಕ್ಸ್ ತುಂಬಿದ ದೊಡ್ಡ ಸ್ಟುಡಿಯೋದ ದೆವ್ವಕ್ಕಿಂತ, ಯಾರದೋ ಮನೆಯ ಹಾಲ್‌ನಲ್ಲಿ ತೆಗೆದ ದೆವ್ವ ನನ್ನನ್ನು ಜಾಸ್ತಿ ಹೆದರಿಸುತ್ತದೆ. ಆದರೆ ಆ ಬಜೆಟ್ ಅಂಕಿ ಇದೆಯಲ್ಲ, ಅದನ್ನು ಮಾತ್ರ ನಾನು ಪೂರ್ತಿ ನಂಬುವುದಿಲ್ಲ. ಅದು ಸುಳ್ಳು ಅಂತಲ್ಲ. ಸಿನಿಮಾವನ್ನು ಎತ್ತಿ ನಿಲ್ಲಿಸಿದ ಖರ್ಚುಗಳೇ ಅದರಲ್ಲಿ ಇರುವುದಿಲ್ಲ.

ಎಲ್ಲರೂ ಹೇಳುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ'. ಓರೆನ್ ಪೆಲಿ ವಿಡಿಯೋ ಗೇಮ್ ಪ್ರೋಗ್ರಾಮರ್ ಆಗಿದ್ದವರು. 2006ರಲ್ಲಿ ಸ್ಯಾನ್ ಡಿಯಾಗೋದ ತಮ್ಮ ಸ್ವಂತ ಮನೆಯಲ್ಲಿ ಸುಮಾರು ಒಂದು ವಾರದಲ್ಲಿ ಶೂಟಿಂಗ್ ಮುಗಿಸಿದರು. ಖರ್ಚು 15 ಸಾವಿರ ಡಾಲರ್. ಜಗತ್ತಿನಾದ್ಯಂತ ಗಳಿಕೆ 19 ಕೋಟಿ ಡಾಲರ್‌ಗೂ ಜಾಸ್ತಿ. ಇಷ್ಟು ಎಲ್ಲರಿಗೂ ಗೊತ್ತು.

ಈಗ ಆ 15 ಸಾವಿರದಲ್ಲಿ ಏನಿಲ್ಲ ಅಂತ ನೋಡಿ. ಮನೆ ಅವರದ್ದೇ, ಹಾಗಾಗಿ ಲೊಕೇಶನ್ ಬಾಡಿಗೆ ಇಲ್ಲ. ಶೂಟಿಂಗ್‌ಗೆ ಮುಂಚೆ ಹೆಚ್ಚುಕಡಿಮೆ ಒಂದು ವರ್ಷ ಆ ಮನೆಯನ್ನು ಅವರೇ ತಿದ್ದಿ, ಬಣ್ಣ ಬಳಿದು, ಸಾಮಾನು ಹೊಂದಿಸಿದರು. ಅದಕ್ಕೆ ಕೂಲಿ ಇಲ್ಲ. ಎಡಿಟಿಂಗ್ ಅವರದ್ದೇ. ನಟಿಸಿದ ಇಬ್ಬರಿಗೆ ಮೊದಲು ಸಿಕ್ಕಿದ್ದು ತಲಾ 500 ಡಾಲರ್ ಅಂತ ಆಗಲೇ ವರದಿಯಾಗಿತ್ತು. ಸಿನಿಮಾ 2007ರಲ್ಲಿ ಒಂದು ಚಿತ್ರೋತ್ಸವದಲ್ಲಿ ಓಡಿತು, ಥಿಯೇಟರಿಗೆ ಬಂದದ್ದು 2009ರಲ್ಲಿ. ನಡುವಿನ ಬಹುಪಾಲು ಸಮಯ ಸ್ಟುಡಿಯೋದವರ ಕೈಯಲ್ಲಿ ಇತ್ತು. ಕೊನೆಯ ದೃಶ್ಯ ಬದಲಾಯಿತು, ಕೆಲಸ ಮತ್ತೆ ನಡೆಯಿತು, ಪ್ರಚಾರಕ್ಕೆ ಪ್ಯಾರಾಮೌಂಟ್ ಕಂಪನಿ ಹಾಕಿದ ದುಡ್ಡಿನ ಮುಂದೆ 15 ಸಾವಿರ ಏನೇನೂ ಅಲ್ಲ. "ನಮ್ಮೂರಿಗೂ ಈ ಸಿನಿಮಾ ತನ್ನಿ" ಅಂತ ಜನ ಇಂಟರ್ನೆಟ್ಟಿನಲ್ಲಿ ಬಟನ್ ಒತ್ತಬೇಕು, 10 ಲಕ್ಷ ಬೇಡಿಕೆ ಬಂದರೆ ದೇಶದ ತುಂಬ ಬಿಡುಗಡೆ ಅನ್ನುವ ಪ್ರಚಾರ ಅದು. ಅಷ್ಟೂ ಬೇಡಿಕೆ ಬಂತು. ಬುದ್ಧಿವಂತ ಪ್ರಚಾರ, ಒಪ್ಪಿದೆ. ಆದರೆ ಅದು ಹದಿನೈದು ಸಾವಿರದ ಹುಡುಗನ ಕೆಲಸವಲ್ಲ, ದೊಡ್ಡ ಸ್ಟುಡಿಯೋದ ಕೆಲಸ.

ಹಾಗಾದರೆ ಪೆಲಿ ಮಾಡಿದ್ದು ಏನೂ ಅಲ್ವಾ? ಅಲ್ಲವೇ ಅಲ್ಲ. ನನಗೆ ಆ ಸಿನಿಮಾ ಇವತ್ತಿಗೂ ಇಷ್ಟ. ಮಲಗುವ ಕೋಣೆಯಲ್ಲಿ ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತ ಕ್ಯಾಮೆರಾ, ಮೂಲೆಯಲ್ಲಿ ಓಡುವ ಗಡಿಯಾರದ ಅಂಕಿ. ಹೆಂಡತಿಯಾಗಬೇಕಾದವಳು ರಾತ್ರಿ ಎದ್ದು ಮಂಚದ ಪಕ್ಕ ನಿಲ್ಲುತ್ತಾಳೆ. ಅಷ್ಟೇ. ಗಡಿಯಾರ ವೇಗವಾಗಿ ಓಡುತ್ತದೆ, ಅವಳು ಗಂಟೆಗಟ್ಟಲೆ ಅಲ್ಲೇ ನಿಂತಿದ್ದಾಳೆ ಅಂತ ನಮಗೆ ಗೊತ್ತಾಗುತ್ತದೆ. ಏನಾದರೂ ಆಗುವ ಮೊದಲು ಕಿವಿಗಿಂತ ಎದೆಗೆ ಜಾಸ್ತಿ ತಾಗುವ ಒಂದು ಸಣ್ಣ ಗುಂಯ್ ಶಬ್ದ. ಇದಕ್ಕೆ ದುಡ್ಡು ಬೇಕಿಲ್ಲ. ಆದರೆ ಪ್ರೇಕ್ಷಕ ಎಷ್ಟು ಹೊತ್ತು ಆ ಕೋಣೆಯನ್ನು ಸುಮ್ನೆ ನೋಡುತ್ತಾ ಕೂರುತ್ತಾನೆ ಅನ್ನುವ ಲೆಕ್ಕ ಬೇಕು. ಅದು ಬರುವುದು ತಿಂಗಳುಗಟ್ಟಲೆ ಎಡಿಟಿಂಗ್ ಟೇಬಲ್ ಮುಂದೆ ಕೂತರೆ ಮಾತ್ರ.

ನನ್ನ ಪ್ರಕಾರ ಸಣ್ಣ ಹಾರರ್ ನಿಂತಿರುವುದು ಮೂರರ ಮೇಲೆ. ಸಮಯ, ಶಬ್ದ, ಮತ್ತು ಹೊಸ ಮುಖಗಳು. ದೆವ್ವದ ಮೇಕಪ್ಪು, ರಕ್ತ, ಹಳೇ ಬಂಗಲೆ ಎಲ್ಲ ಆಮೇಲೆ. ಈ ಮೂರರಲ್ಲಿ ಉಳಿತಾಯ ಮಾಡಲು ಹೋದ ಸಿನಿಮಾ ಬಿದ್ದುಹೋಗುತ್ತದೆ. ಈ ಮೂರನ್ನು ಕೊಟ್ಟವರೇ ಬಹಳಷ್ಟು ಸಲ ದುಡ್ಡು ಸಿಗದೆ ಉಳಿದುಬಿಡುತ್ತಾರೆ. ನನ್ನ ತಕರಾರು ಇಷ್ಟೇ.

ಶಬ್ದದಿಂದ ಶುರು ಮಾಡುತ್ತೇನೆ. ಜಾನ್ ಕಾರ್ಪೆಂಟರ್ 1978ರಲ್ಲಿ 'ಹ್ಯಾಲೋವೀನ್' ತೆಗೆದಾಗ ಕೈಯಲ್ಲಿದ್ದದ್ದು ಸುಮಾರು 3 ಲಕ್ಷ ಡಾಲರ್. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಸಿಗುವ 'ಸ್ಟಾರ್ ಟ್ರೆಕ್' ನಾಯಕನ ಮುಖವಾಡ, ಅದಕ್ಕೇ ಬಿಳಿ ಬಣ್ಣ ಹೊಡೆದರು. ಕಥೆ ನಡೆಯುವುದು ಅಕ್ಟೋಬರ್ ತಿಂಗಳ ಇಲಿನಾಯ್‌ನಲ್ಲಿ, ಶೂಟಿಂಗ್ ನಡೆದದ್ದು ಬೇಸಿಗೆಯ ಮುಂಚಿನ ಕ್ಯಾಲಿಫೋರ್ನಿಯಾದಲ್ಲಿ. ಹಾಗಾಗಿ ಬಣ್ಣ ಹಚ್ಚಿದ ಎಲೆಗಳನ್ನು ರಸ್ತೆಗೆ ಚೆಲ್ಲುವುದು, ಶಾಟ್ ಮುಗಿದ ಮೇಲೆ ಮತ್ತೆ ಬಾಚಿ ತುಂಬಿಕೊಳ್ಳುವುದು. ಈ ಕಥೆಗಳನ್ನು ಅಭಿಮಾನಿಗಳು ಬಾಯಿಪಾಠ ಹೇಳುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಕಾರ್ಪೆಂಟರ್ ತಾವೇ ಹೇಳಿರುವ ಇನ್ನೊಂದು ವಿಷಯ. ಸಂಗೀತ ಸೇರಿಸುವ ಮುಂಚೆ ಸಿನಿಮಾವನ್ನು ಸ್ಟುಡಿಯೋದ ಒಬ್ಬರಿಗೆ ತೋರಿಸಿದರಂತೆ. ಆಕೆಗೆ ಒಂಚೂರೂ ಭಯವಾಗಲಿಲ್ಲ. ಆಮೇಲೆ ಕಾರ್ಪೆಂಟರ್ ಮೂರು ದಿನದಲ್ಲಿ ತಾವೇ ಸಂಗೀತ ಕೂರಿಸಿದರು. ಐದು ಎಣಿಕೆಯ ತಾಳದ ಆ ಪಿಯಾನೋ ಇಲ್ಲದಿದ್ದರೆ ಇವತ್ತು ಆ ಸಿನಿಮಾದ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲವೇನೋ.

ಚಿತ್ರ ಮಸುಕಾಗಿದ್ದರೆ, ಅಲ್ಲಾಡಿದರೆ, ಕತ್ತಲಾಗಿದ್ದರೆ ಹಾರರ್ ಪ್ರೇಕ್ಷಕ ಸಹಿಸುತ್ತಾನೆ, ಎಷ್ಟೋ ಸಲ ಅದನ್ನೇ ಇಷ್ಟಪಡುತ್ತಾನೆ. ಶಬ್ದ ಕೆಟ್ಟರೆ ಐದು ನಿಮಿಷ ಕೂರುವುದಿಲ್ಲ. ಮೊದಲ ಸಿನಿಮಾ ಮಾಡುವವರಲ್ಲಿ ತುಂಬ ಜನ ಒಳ್ಳೆ ಲೆನ್ಸ್‌ಗೆ, ಡ್ರೋನ್‌ಗೆ ದುಡ್ಡು ಸುರಿದು, ಕೊನೆಗೆ ಇಂಟರ್ನೆಟ್ಟಿನಿಂದ ಇಳಿಸಿದ ಬಾಗಿಲ ಕಿರ್ರ್ ಸದ್ದು ಹಾಕಿ ಮುಗಿಸುತ್ತಾರೆ. ಅದೇ ನಾಯಿ ಊಳು, ಅದೇ ಗಾಳಿ, ಅದೇ ಮಗುವಿನ ನಗು. ಸದ್ದನ್ನು ದಿಢೀರ್ ಅಂತ ಏರಿಸಿ ಬೆಚ್ಚಿಬೀಳಿಸುವುದು ಬೇರೆ, ಹೆದರಿಸುವುದು ಬೇರೆ. ಬೆಚ್ಚಿಬಿದ್ದವನು ಎರಡು ಸೆಕೆಂಡಿನಲ್ಲಿ ಸುಧಾರಿಸಿಕೊಳ್ಳುತ್ತಾನೆ.

ಶಬ್ದ ಮತ್ತು ಕತ್ತಲು ಎರಡನ್ನೇ ನಂಬಿಕೊಂಡು ಬಂದದ್ದು ಕೆನಡಾದ ಎಡ್ಮಂಟನ್‌ನ ಕೈಲ್ ಎಡ್ವರ್ಡ್ ಬಾಲ್. ಇವರು ಮೊದಲು ಯೂಟ್ಯೂಬ್‌ನಲ್ಲಿ, ನೋಡುಗರು ಹೇಳಿದ ಕೆಟ್ಟ ಕನಸುಗಳನ್ನೇ ಪುಟ್ಟ ವಿಡಿಯೋ ಮಾಡುತ್ತಿದ್ದರು. 2022ರ 'ಸ್ಕಿನಮರಿಂಕ್' ಅನ್ನು ತಾವು ಬೆಳೆದ ಮನೆಯಲ್ಲೇ ತೆಗೆದರು. ಖರ್ಚು ಅದೇ 15 ಸಾವಿರ ಡಾಲರ್. ರಾತ್ರಿ ಎದ್ದ ಇಬ್ಬರು ಮಕ್ಕಳು, ಅಪ್ಪ ಇಲ್ಲ, ಮನೆಯ ಕಿಟಕಿ ಬಾಗಿಲುಗಳೇ ಮಾಯ. ಮುಖಗಳು ಕಾಣುವುದೇ ಅಪರೂಪ, ಕಾಣುವುದು ಗೋಡೆಯ ಮೂಲೆ, ಟಿವಿಯ ಬೆಳಕು, ನೆಲದ ಮೇಲಿನ ಆಟಿಕೆ. ಅರ್ಧ ಜನಕ್ಕೆ ಇದು ಸಹಿಸಲಾಗದ ಬೋರು. ನನಗೆ ಮಾತ್ರ ಇತ್ತೀಚಿನ ವರ್ಷಗಳಲ್ಲಿ ಬಂದ ಹಾರರ್‌ಗಳಲ್ಲೇ ಧೈರ್ಯದ ಕೆಲಸ, ಯಾಕೆಂದರೆ ಮಕ್ಕಳ ಭಯಕ್ಕೆ ಕಥೆ ಇರುವುದಿಲ್ಲ, ಕತ್ತಲಲ್ಲಿ ಏನೋ ಇದೆ ಅನ್ನುವುದಷ್ಟೇ ಇರುತ್ತದೆ, ಅದನ್ನು ನೂರು ನಿಮಿಷ ಹಾಗೇ ಹಿಡಿದಿಡಲು ಯಾವ ಸ್ಟುಡಿಯೋವೂ ಒಪ್ಪುತ್ತಿರಲಿಲ್ಲ. ಚಿತ್ರೋತ್ಸವದ ಆನ್‌ಲೈನ್ ಪ್ರದರ್ಶನದಿಂದ ಅದು ಕದ್ದು ಹೊರಬಂತು, ಟಿಕ್‌ಟಾಕ್‌ನಲ್ಲಿ ಹರಡಿತು, ಆಮೇಲೆ ಥಿಯೇಟರ್‌ನಲ್ಲಿ ಸುಮಾರು 20 ಲಕ್ಷ ಡಾಲರ್ ಗಳಿಸಿತು. "ಪೈರಸಿಯಿಂದಲೇ ಗೆದ್ದಿತು" ಅಂತ ಹೇಳಿ ಖುಷಿಪಡುವವರಿದ್ದಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಕದ್ದು ಹರಡಿ, ಒಂದು ಪೈಸೆಯೂ ಬಾರದೆ ಮುಳುಗಿದ ಸಣ್ಣ ಸಿನಿಮಾಗಳ ಲೆಕ್ಕ ಯಾರೂ ಇಟ್ಟಿಲ್ಲ.

ಸಮಯದ ವಿಷಯಕ್ಕೆ ಬಂದರೆ 2025ರ 'ಗುಡ್ ಬಾಯ್' ನೋಡಿ. ದೆವ್ವದ ಮನೆಯ ಕಥೆಯನ್ನು ನಾಯಿಯ ಕಣ್ಣಿನಿಂದ ಹೇಳುವ ಸಿನಿಮಾ. ನಿರ್ದೇಶಕ ಬೆನ್ ಲಿಯೊನ್‌ಬರ್ಗ್ ತಮ್ಮ ಸ್ವಂತ ನಾಯಿ ಇಂಡಿಯನ್ನೇ ಇಟ್ಟುಕೊಂಡು, ಹೆಂಡತಿಯ ಜೊತೆ ಸೇರಿ, ಮೂರು ವರ್ಷಗಳಲ್ಲಿ ಹರಡಿದ 400 ದಿನ ಶೂಟಿಂಗ್ ಮಾಡಿದರು. ಇಂಡಿಗೆ ನಟನೆಯ ತರಬೇತಿ ಇರಲಿಲ್ಲ. ಅದು ತಾನಾಗಿ ಆ ಮೂಲೆಯ ಕಡೆ ತಿರುಗಿ ನೋಡುವ ತನಕ ಕಾಯಬೇಕು. 400 ದಿನಕ್ಕೆ ಒಂದು ಸಾಮಾನ್ಯ ಯೂನಿಟ್ಟಿನ ದಿನಭತ್ಯೆ, ಊಟ, ಕ್ಯಾಮೆರಾ ಬಾಡಿಗೆ ಹಾಕಿ ನೋಡಿ. ಯಾವ ನಿರ್ಮಾಪಕನೂ ಕೊಡುವುದಿಲ್ಲ. ಗಂಡ ಹೆಂಡತಿ ತಮ್ಮ ಬದುಕಿನ ಮೂರು ವರ್ಷ ಕೊಟ್ಟದ್ದಕ್ಕೆ ಆ ನಾಯಿಯ ನೋಟ ಸಿಕ್ಕಿತು. ಇದನ್ನು ಕಡಿಮೆ ಬಜೆಟ್ ಅನ್ನುವುದೋ, ಭಾರಿ ಬಜೆಟ್ ಅನ್ನುವುದೋ?

ಜಪಾನಿನ 'ಒನ್ ಕಟ್ ಆಫ್ ದ ಡೆಡ್' ಕೂಡ ಹೀಗೇ. 2017ರಲ್ಲಿ ಶಿನಿಚಿರೊ ಉಯೆದಾ ತೆಗೆದದ್ದು, ಖರ್ಚು ಸುಮಾರು 30 ಲಕ್ಷ ಯೆನ್. ಒಂದು ನಟನಾ ಶಾಲೆಯ ಶಿಬಿರದಿಂದ ಹುಟ್ಟಿದ ಸಿನಿಮಾ, ನಟರೆಲ್ಲ ಹೊಸಬರು. ಮೊದಲ 37 ನಿಮಿಷ ಎಲ್ಲೂ ಕತ್ತರಿಸದ ಒಂದೇ ಶಾಟ್. ಟೋಕಿಯೊದ ಎರಡೇ ಥಿಯೇಟರ್‌ನಲ್ಲಿ ಶುರುವಾಗಿ ನೂರಾರು ಪರದೆಗೆ ಹೋಯಿತು, ಗಳಿಕೆ 300 ಕೋಟಿ ಯೆನ್ ದಾಟಿತು. ಮೊದಲ ಅರ್ಧ ಗಂಟೆ ಕೆಟ್ಟದಾಗಿದೆ ಅನ್ನಿಸಿದರೆ ದಯವಿಟ್ಟು ಎದ್ದು ಹೋಗಬೇಡಿ, ಇದಕ್ಕಿಂತ ಜಾಸ್ತಿ ಹೇಳಿದರೆ ನೋಡುವ ಮಜಾ ಹೋಗುತ್ತದೆ.

ಮುಖಗಳ ಕಥೆ ಮಾತ್ರ ಬೇಸರದ್ದು.

1973ರ ಬೇಸಿಗೆಯಲ್ಲಿ ಟೆಕ್ಸಾಸ್‌ನಲ್ಲಿ ಟೋಬ್ ಹೂಪರ್ 'ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ತೆಗೆಯುತ್ತಿದ್ದರು. ಬಜೆಟ್ ಒಂದೂವರೆ ಲಕ್ಷ ಡಾಲರ್ ಒಳಗೆ. ಅದರಲ್ಲಿ ಪರದೆ ಮೇಲೆ ಕಾಣುವ ರಕ್ತ ಬಹಳ ಕಡಿಮೆ, ಗರಗಸದ ಮೋಟರಿನ ಸದ್ದು ಮತ್ತು ನಟಿ ಮೆರಿಲಿನ್ ಬರ್ನ್ಸ್ ಕಿರುಚಾಟವೇ ಜಾಸ್ತಿ. ಊಟದ ಮೇಜಿನ ದೃಶ್ಯವನ್ನು ಬಿಡುವಿಲ್ಲದೆ ಒಂದು ದಿನಕ್ಕೂ ಮೀರಿ ಶೂಟ್ ಮಾಡಿದರು. ಕಿಟಕಿಗಳಿಗೆ ಪರದೆ, ಒಳಗೆ ದೀಪಗಳ ಬಿಸಿ, ಮೇಜಿನ ಮೇಲೆ ಕೊಳೆತ ಮಾಂಸ. ಖಳನ ಪಾತ್ರದ ಗನ್ನರ್ ಹ್ಯಾನ್ಸನ್‌ಗೆ ಇದ್ದದ್ದು ಒಂದೇ ಜೊತೆ ಬಟ್ಟೆ, ಒಗೆದರೆ ಬಣ್ಣ ಹೋಗುತ್ತದೆ ಅಂತ ವಾರಗಟ್ಟಲೆ ಒಗೆಯಲೇ ಇಲ್ಲ. ದುಡ್ಡು ಮುಗಿದಾಗ ಸಂಬಳದ ಬದಲು ಲಾಭದಲ್ಲಿ ಪಾಲು ಅಂತ ಬರೆದುಕೊಟ್ಟರು. ಸಿನಿಮಾ 1974ರಲ್ಲಿ ಬಂತು, ಕೋಟಿಗಟ್ಟಲೆ ಗಳಿಸಿತು. ಆಗ ಗೊತ್ತಾಯಿತು, ಇವರ ಪಾಲು ಇದ್ದದ್ದು ಪೂರ್ತಿ ಸಿನಿಮಾದಲ್ಲಿ ಅಲ್ಲ, ಅದರ ಅರ್ಧದ ಒಡೆತನ ಇದ್ದ ಒಂದು ಕಂಪನಿಯಲ್ಲಿ ಅಂತ. ಅಂದರೆ ಅಂದುಕೊಂಡದ್ದರ ಅರ್ಧ. ವಿತರಕರಿಂದ ದುಡ್ಡು ಬಂದದ್ದೂ ಅಷ್ಟಕ್ಕಷ್ಟೆ, ಕೋರ್ಟಿಗೆ ಹೋಗಬೇಕಾಯಿತು. ಹ್ಯಾನ್ಸನ್‌ಗೆ ಬಂದ ಮೊದಲ ಚೆಕ್ 47 ಡಾಲರ್ ಚಿಲ್ಲರೆ.

ಇದಕ್ಕೂ ಮುಂಚೆ, 1968ರಲ್ಲಿ, ಜಾರ್ಜ್ ರೊಮೆರೊ ಮತ್ತು ಪಿಟ್ಸ್‌ಬರ್ಗ್‌ನ ಗೆಳೆಯರು ತಲಾ 600 ಡಾಲರ್ ಹಾಕಿ ಶುರು ಮಾಡಿದ ಸಿನಿಮಾ 'ನೈಟ್ ಆಫ್ ದ ಲಿವಿಂಗ್ ಡೆಡ್'. ಕಪ್ಪು ಬಿಳುಪು ಸಿನಿಮಾ, ಹಾಗಾಗಿ ರಕ್ತಕ್ಕೆ ಚಾಕಲೇಟ್ ಸಿರಪ್ ಸಾಕಾಯಿತು. ಇವತ್ತು ನಾವು ನೋಡುವ ಜೋಂಬಿ ಕಥೆಗಳೆಲ್ಲ ಬಂದದ್ದು ಅಲ್ಲಿಂದಲೇ. ವಿತರಕರು ಕೊನೆ ಗಳಿಗೆಯಲ್ಲಿ ಸಿನಿಮಾದ ಹೆಸರು ಬದಲಿಸಿದರು. ಹೊಸ ಹೆಸರಿನ ಕಾರ್ಡ್ ಹಾಕುವಾಗ ಹಳೆಯದರ ಜೊತೆಗಿದ್ದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಸಿನಿಮಾ ಬಿಡುಗಡೆಯಾದ ದಿನದಿಂದಲೇ ಯಾರು ಬೇಕಾದರೂ ಮಾರಬಹುದಾದ ಸೊತ್ತಾಯಿತು. ಯಾರ‍್ಯಾರೋ ಕ್ಯಾಸೆಟ್ ಮಾಡಿ ಮಾರಿದರು, ತೆಗೆದವರಿಗೆ ಅದರಿಂದ ಏನೂ ಬರಲಿಲ್ಲ. ಒಂದು ಸಾಲು!

ಮೂರನೆಯದು 'ದ ಬ್ಲೇರ್ ವಿಚ್ ಪ್ರಾಜೆಕ್ಟ್', 1999. ಇದು ಈಗಲೂ ಮುಗಿಯದ ಜಗಳ. ಮೂವರು ನಟರನ್ನು ಮೇರಿಲ್ಯಾಂಡ್‌ನ ಕಾಡಿಗೆ ಕಳಿಸಿದರು, ಕ್ಯಾಮೆರಾ ಅವರ ಕೈಗೇ ಕೊಟ್ಟರು. ಎಂಟು ದಿನ. ಹೋಗಬೇಕಾದ ಜಾಗ ಜಿಪಿಎಸ್‌ನಲ್ಲಿ, ಅವತ್ತಿನ ಸೂಚನೆ ಸಣ್ಣ ಡಬ್ಬಿಗಳಲ್ಲಿ, ದಿನ ಕಳೆದಂತೆ ಊಟ ಕಡಿಮೆ, ರಾತ್ರಿ ಡೇರೆಯ ಸುತ್ತ ಸದ್ದು ಮಾಡಿ ನಿದ್ದೆಗೆಡಿಸುವುದು. ಮಾತುಗಳನ್ನು ಬಹುಪಾಲು ನಟರೇ ಆ ಕ್ಷಣಕ್ಕೆ ಕಟ್ಟಿದರು. ಅಂದರೆ ಈ ಸಿನಿಮಾದ ಛಾಯಾಗ್ರಾಹಕರು, ಸಂಭಾಷಣೆಕಾರರು ಅವರೇ. ಪಾತ್ರಗಳಿಗೆ ಅವರ ನಿಜ ಹೆಸರನ್ನೇ ಇಟ್ಟರು. ಬಿಡುಗಡೆಯ ಹೊತ್ತಿಗೆ "ಕಾಣೆಯಾಗಿದ್ದಾರೆ" ಅನ್ನುವ ಪೋಸ್ಟರ್ ಹಚ್ಚಿದರು. ಆ ಮೂವರಲ್ಲಿ ಒಬ್ಬರಾದ ಹೆದರ್ ಡೊನಹ್ಯೂ ಅವರ ತಾಯಿಗೆ ಸಂತಾಪದ ಕಾರ್ಡ್‌ಗಳು ಬಂದವು, ಮಗಳು ಬದುಕಿರುವಾಗಲೇ. ಆರ್ಟಿಸಾನ್ ಕಂಪನಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಸುಮಾರು 11 ಲಕ್ಷ ಡಾಲರಿಗೆ ಸಿನಿಮಾ ಕೊಂಡಿತು, ಗಳಿಕೆ 24 ಕೋಟಿ ಡಾಲರ್ ದಾಟಿತು. ತಮ್ಮದೇ ಹೆಸರು, ತಮ್ಮದೇ ಮುಖದ ಬಳಕೆಗಾಗಿ ನಟರು ಕೋರ್ಟಿಗೆ ಹೋದರು.

2024ರಲ್ಲಿ ಲಯನ್ಸ್‌ಗೇಟ್ ಕಂಪನಿ ಆ ಸಿನಿಮಾವನ್ನು ಹೊಸದಾಗಿ ಮಾಡುತ್ತೇವೆ ಅಂತ ಘೋಷಿಸಿದಾಗ ಈ ಮೂವರೂ ಬಹಿರಂಗ ಪತ್ರ ಬರೆದರು. ಕೇಳಿದ್ದು ಮೂರು. ನಟರ ಸಂಘದ ಒಪ್ಪಂದ ಇದ್ದಿದ್ದರೆ ಸಿಗುತ್ತಿದ್ದಂಥ ಹಳೆಯ ಮತ್ತು ಮುಂದಿನ ಪಾಲು ಕೊಡಿ. ನಮ್ಮ ಹೆಸರು ಮುಖ ಬಳಸುವಾಗ ನಮ್ಮನ್ನು ಕೇಳಿ. ಮೂರನೆಯದು ನನಗೆ ತುಂಬ ಇಷ್ಟವಾಯಿತು. ಪ್ರತಿ ವರ್ಷ 60 ಸಾವಿರ ಡಾಲರ್, ಅಂದರೆ ಮೂಲ ಸಿನಿಮಾದ ಬಜೆಟ್ಟಿನಷ್ಟು, ಮೊದಲ ಸಿನಿಮಾ ಮಾಡುವ ಒಬ್ಬ ಹೊಸಬರಿಗೆ ಕೊಡಿ, ಆದರೆ ಆ ಸಿನಿಮಾದ ಹಕ್ಕು ಕೇಳಬೇಡಿ. 25 ವರ್ಷ ಕಾದವರು ತಮ್ಮ ಪಾಲಿನ ಜೊತೆಗೆ ಗುರುತೇ ಇಲ್ಲದ ಇನ್ನೊಬ್ಬರ ಹಕ್ಕನ್ನೂ ಕೇಳಿದರು.

ಈ ಮಾತು ಈಗ ಯಾಕೆ ಅಂದರೆ, ಸ್ಟುಡಿಯೋಗಳು ಮತ್ತೆ ಸಣ್ಣ ಹಾರರ್ ಹಿಂದೆ ಬಿದ್ದಿವೆ. ಯೂಟ್ಯೂಬ್‌ನಲ್ಲಿ ವಿಡಿಯೋ ಮಾಡುತ್ತಿದ್ದ ಆಸ್ಟ್ರೇಲಿಯಾದ ಫಿಲಿಪ್ಪು ಸಹೋದರರ 'ಟಾಕ್ ಟು ಮಿ' 2023ರಲ್ಲಿ ಗೆದ್ದಿತು. ಕರಿ ಬಾರ್ಕರ್ ಅನ್ನುವವರು 800 ಡಾಲರ್‌ನಲ್ಲಿ ಒಂದು ಗಂಟೆಯ ಸಿನಿಮಾ ಮಾಡಿ 2024ರಲ್ಲಿ ಯೂಟ್ಯೂಬ್‌ಗೆ ಬಿಟ್ಟಿಯಾಗಿ ಹಾಕಿದರು, ಮರುವರ್ಷ ಅವರ ಮುಂದಿನ ಸಿನಿಮಾವನ್ನು ದೊಡ್ಡ ಕಂಪನಿ ಕೋಟಿಗಟ್ಟಲೆ ಕೊಟ್ಟು ಕೊಂಡಿತು. ಇದು ಒಳ್ಳೆಯ ಬೆಳವಣಿಗೆಯೇ. ಆದರೆ ಇದರ ಪಕ್ಕದಲ್ಲೇ ಇನ್ನೊಂದು ದಾರಿಯೂ ತೆರೆದಿದೆ. ಕಾಪಿರೈಟ್ ಮುಗಿದ ಮಕ್ಕಳ ಪಾತ್ರಗಳನ್ನು ಕೊಲೆಗಾರರನ್ನಾಗಿ ಮಾಡುವುದು. 1926ರ ವಿನ್ನಿ ದ ಪೂ ಪುಸ್ತಕ 2022ರ ಜನವರಿಯಲ್ಲಿ ಅಮೆರಿಕದಲ್ಲಿ ಎಲ್ಲರ ಸೊತ್ತಾಯಿತು, 2023ರಲ್ಲಿ ಆ ಕರಡಿ ಕೊಲೆಗಾರನಾಗಿ ಥಿಯೇಟರಿಗೆ ಬಂತು. ಖರ್ಚಿಗಿಂತ ಎಷ್ಟೋ ಪಟ್ಟು ಗಳಿಸಿತು, ಹಿಂದೆಯೇ ಅಂಥವು ಸಾಲುಗಟ್ಟಿದವು. ಪೋಸ್ಟರ್ ನೋಡಿದ ಕೂಡಲೇ ಸಿನಿಮಾ ಮುಗಿದುಹೋಗುತ್ತದೆ. ಹೊಸಬರು ಈ ದಾರಿ ಹಿಡಿಯುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಕಡಿಮೆ ದುಡ್ಡಿನ ಹಾರರ್ ಅಂದರೆ ಮೊದಲು ರಾಮ್ಸೇ ಸಹೋದರರು. ಏಳು ಜನ ಅಣ್ಣತಮ್ಮಂದಿರು, ಒಬ್ಬರು ಬರೆಯುವುದು, ಒಬ್ಬರು ಕ್ಯಾಮೆರಾ, ಒಬ್ಬರು ಸೌಂಡ್, ಇನ್ನೊಬ್ಬರು ಎಡಿಟಿಂಗ್. 1972ರ ಅವರ ಮೊದಲ ಹಾರರ್ ಸಿನಿಮಾವನ್ನು ಮಹಾಬಲೇಶ್ವರದಲ್ಲಿ ಉಳಿದುಕೊಂಡು ತೆಗೆದರು. ಅಲ್ಲಿ ದುಡಿದವರೂ ಮನೆಯವರು, ಬಂದ ದುಡ್ಡೂ ಮನೆಗೇ. ಸಂಬಳವಿಲ್ಲದ ದುಡಿಮೆ ಇದ್ದರೂ ಪಾಲು ಹೊರಗೆ ಹೋಗಲಿಲ್ಲ.

ಕನ್ನಡದಲ್ಲಿ 2013ರಲ್ಲಿ '6-5=2' ಬಂತು. ಚಾರಣಕ್ಕೆ ಹೋದ ಆರು ಜನ, ಆಮೇಲೆ ಸಿಕ್ಕಿದ ವಿಡಿಯೋ, ಪರಿಚಯವೇ ಇಲ್ಲದ ಮುಖಗಳು, ನಿಜವಾಗಿ ನಡೆದದ್ದು ಅನ್ನುವ ಪ್ರಚಾರ. ಪಶ್ಚಿಮ ಘಟ್ಟದ ಕಾಡಿಗೆ ಹೋಗಿಬಂದ ಯಾರಿಗಾದರೂ ತಾಗುವ ಭಯ ಅದು. ಮರುವರ್ಷವೇ ಹಿಂದಿಗೆ ರೀಮೇಕ್ ಆಯಿತು. 2025ರಲ್ಲಿ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ದೊಡ್ಡ ಸ್ಟಾರ್ ಇಲ್ಲದೆ 100 ಕೋಟಿ ದಾಟಿತು. ಅದು ಹೆದರಿಸುವುದಕ್ಕಿಂತ ನಗಿಸುವ ಸಿನಿಮಾ, ಆದರೆ ಊರಿನ ಬಾಯಿಮಾತಿನಲ್ಲಿ ದೆವ್ವ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಮ್ಮಲ್ಲಿ ಕಡಿಮೆ. ಇನ್ನು ಅದರ ನಕಲುಗಳು ಬರುತ್ತವೆ. ಕರಾವಳಿ ಭಾಷೆ, ಒಂದು ದೆವ್ವ, ನಾಲ್ಕು ಕುಡುಕರು ಇದ್ದರೆ ಸಾಕು ಅಂದುಕೊಂಡವರು ಮೇಲೆ ಹೇಳಿದ ಮೂರನ್ನೂ ಮರೆಯುತ್ತಾರೆ.

ನಿಜವಾಗಿ ಹೆದರಿಸುವ ಸಣ್ಣ ಕನ್ನಡ ಹಾರರ್‌ಗೆ ಇಲ್ಲಿ ಬೇರೆಯದೇ ಕಷ್ಟ ಇದೆ. ಗಟ್ಟಿಯಾಗಿ ಹೆದರಿಸಿದರೆ ಸೆನ್ಸಾರ್‌ನಲ್ಲಿ 'ಎ' ಸಿಗುವ ಸಾಧ್ಯತೆ ಜಾಸ್ತಿ. 'ಎ' ಸಿನಿಮಾವನ್ನು ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ, ಕತ್ತರಿಸಿ ಬೇರೆ ಸರ್ಟಿಫಿಕೇಟ್ ತರಬೇಕು. ಹಾಗಾಗಿ ಸ್ಯಾಟಲೈಟ್ ರೈಟ್ಸ್‌ನ ಬೆಲೆ ಬೀಳುತ್ತದೆ. 2024ರ ನವೆಂಬರ್‌ನಿಂದ ಮಕ್ಕಳು ಪೋಷಕರ ಮಾರ್ಗದರ್ಶನದಲ್ಲಿ ನೋಡಬಹುದಾದ ಯುಎ ಅನ್ನು 7+, 13+, 16+ ಅಂತ ಮೂರು ಮಾಡಿದ್ದಾರೆ. ಹಾರರ್ ಮಾಡುವವರು ಆ 16+ ಅನ್ನು ಗಮನದಲ್ಲಿಟ್ಟು ಮೊದಲೇ ಕೂತು ಯೋಚಿಸಬೇಕು, ರಕ್ತ ತೋರಿಸದೆ ಸದ್ದಿನಲ್ಲೇ ಹೆದರಿಸಲು ಇದೊಂದು ಒಳ್ಳೆ ಕಾರಣ ಕೂಡ. ಒಟಿಟಿಯವರು ಕನ್ನಡ ಸಿನಿಮಾ ಕೊಳ್ಳಲು ಹಿಂದೆಮುಂದೆ ನೋಡುವುದು ಎಲ್ಲರಿಗೂ ಗೊತ್ತಿರುವ ನೋವು. ಅಲ್ಲಿಗೆ ಉಳಿಯುವುದು ಥಿಯೇಟರಿನ ಮೊದಲ ವಾರ ಮಾತ್ರ.

ಇಂಥ ಕಡೆ ಗೆಳೆಯರು ಸೇರಿ "ಸಿನಿಮಾ ಓಡಿದರೆ ಎಲ್ಲರಿಗೂ ಪಾಲು" ಅಂತ ಬಾಯಿಮಾತಿನಲ್ಲಿ ಶುರು ಮಾಡುತ್ತಾರೆ. ಬಾಯಿಮಾತು ಬೇಡ. ಸೌಂಡ್ ಮಾಡುವ ಹುಡುಗನಿಗೆ, ರಾತ್ರಿಯಿಡೀ ಮಳೆಯಲ್ಲಿ ಓಡಿದ ನಟಿಗೆ ಎಷ್ಟು ಪಾಲು ಅಂತ ಶೂಟಿಂಗ್‌ಗೆ ಮುಂಚೆ ಒಂದು ಹಾಳೆಯಲ್ಲಿ ಬರೆಯಿರಿ. ಶೇಕಡಾ ಇಷ್ಟು ಅಂತ ಬರೆದರೆ ಸಾಲದು, ಯಾವುದರ ಶೇಕಡಾ ಅಂತಲೂ ಬರೆಯಿರಿ, ಟೆಕ್ಸಾಸ್‌ನವರಿಗೆ ಪೆಟ್ಟು ಬಿದ್ದದ್ದು ಅಲ್ಲೇ. ಡಬ್ಬಿಂಗ್, ರೀಮೇಕ್, ಎರಡನೇ ಭಾಗ, ಒಟಿಟಿ ಎಲ್ಲ ಆ ಹಾಳೆಯಲ್ಲಿ ಬೇರೆಬೇರೆ ಸಾಲಾಗಿ ಇರಲಿ. ಹಾರರ್‌ನಲ್ಲಿ ಜಾಸ್ತಿ ದುಡ್ಡು ಬರುವುದು ಬಹಳ ಸಲ ಮೊದಲ ಸಿನಿಮಾದಿಂದಲ್ಲ, ಅದರ ರೀಮೇಕಿನಿಂದ, ಅದರ ಮುಂದಿನ ಭಾಗದಿಂದ.